ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರು ನಾಲ್ಕು ಜನ, ಭಯ ನನಗೊಬ್ಬನಿಗೇ ಯಾಕೆ?

ಆರನೇ_ಮಹಡಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೂರು ವರ್ಷದ ಹಿಂದೆ ಆಫೀಸಿನ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ನಾಲ್ಕು ಜನ ಇದ್ದೆವು. ಇಪ್ಪತ್ತು ನಿಮಿಷ. ಮೊದಲ ಐದು ನಿಮಿಷ ನಾನೂ ತಮಾಷೆ ಮಾಡುತ್ತಿದ್ದೆ. ಆಮೇಲೆ ಫ್ಯಾನ್ ನಿಂತಿತು. ಆ ಸದ್ದು ನಿಂತಿದ್ದೇ ತಡ, ಎದೆ ಡವಡವ ಅನ್ನತೊಡಗಿತು, ಬೆರಳ ತುದಿ ಜುಮ್ಮೆಂದಿತು, ಎಷ್ಟು ಉಸಿರು ಎಳೆದರೂ ಸಾಲದು ಅನ್ನಿಸಿತು. ಸತ್ತೇ ಹೋದೆ ಅಂದುಕೊಂಡೆ. ಬಾಗಿಲು ತೆರೆದ ಮೇಲೆ ಉಳಿದ ಮೂವರು ನಗುನಗುತ್ತಾ ಸೀಟಿಗೆ ಹೋದರು. ಸಂಜೆ ಅದೇ ಲಿಫ್ಟ್‌ನಲ್ಲಿ ಇಳಿದು ಮನೆಗೂ ಹೋದರು. ನಾನು ಮೆಟ್ಟಿಲು ಹಿಡಿದೆ. ಇವತ್ತಿಗೂ ಮೆಟ್ಟಿಲೇ.

ಶುರುವಿನಲ್ಲಿ ಆ ಒಂದು ಲಿಫ್ಟ್ ಮಾತ್ರ. ಆಮೇಲೆ ಎಲ್ಲಾ ಲಿಫ್ಟ್. ಆಮೇಲೆ ಕಿಟಕಿ ಇಲ್ಲದ ಮೀಟಿಂಗ್ ರೂಮು, ನೆಲಮಾಳಿಗೆ ಪಾರ್ಕಿಂಗ್. ಈಗ ಬಾತ್‌ರೂಮಿನ ಚಿಲಕವನ್ನೂ ಪೂರ್ತಿ ಹಾಕುವುದಿಲ್ಲ. ಫೋನಿನ ಚಾರ್ಜ್ ಅರ್ಧಕ್ಕಿಂತ ಕೆಳಗಿಳಿದರೆ ಅಂಗೈ ಬೆವರುತ್ತದೆ.

ಈಗ ಒಬ್ಬರು ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೇನೆ. ಮೂರು ಸಲ ಆಯಿತು. ಬಾಲ್ಯದ ಬಗ್ಗೆ ಒಂದು ಹತ್ತು ನಿಮಿಷ ಕೇಳಿದರು, ಅಷ್ಟೇ. ಆಮೇಲೆ ಪೆನ್ನು ಕೊಟ್ಟು ಏಣಿ ಬರೆಸಿದರು. ಲಿಫ್ಟ್ ಬಾಗಿಲು ದೂರದಿಂದ ನೋಡುವುದು, ಭಯ 20. ಬಾಗಿಲು ತೆರೆದಿರುವಾಗ ಒಳಗೆ ನಿಲ್ಲುವುದು, 70. ಒಬ್ಬನೇ ಆರು ಮಹಡಿ ಹೋಗುವುದು, 100. ಹೀಗೆ ಹತ್ತು ಮೆಟ್ಟಿಲು. ಮನೆಗೆಲಸ ಏನು ಗೊತ್ತಾ? ದಿನಾ ಹೋಗಿ ಲಿಫ್ಟ್ ಬಾಗಿಲು ನೋಡಿಕೊಂಡು ನಿಲ್ಲಬೇಕಂತೆ!

ನನ್ನ ಪ್ರಶ್ನೆ ಎರಡು. ಒಂದು, ಅದೇ ಲಿಫ್ಟ್, ಅದೇ ಇಪ್ಪತ್ತು ನಿಮಿಷ, ನನಗೊಬ್ಬನಿಗೇ ಯಾಕೆ ಅಂಟಿತು? ಎರಡು, ಬಾಗಿಲು ನೋಡಿಕೊಂಡು ನಿಂತರೆ ಒಳಗಿನದು ಹೇಗೆ ಸರಿಹೋಗುತ್ತದೆ? ಗೋಡೆ ಒದ್ದೆ ಇರುವಾಗ ಮೇಲೆ ಸುಣ್ಣ ಬಳಿದಂತೆ ಅಲ್ವಾ?

ಸುಮ್ನೆ_ಒಬ್ಬ:
ಮೂರು ವರ್ಷ ಆರು ಮಹಡಿ ಹತ್ತಿದ್ದೀರಾ? ಹೃದಯ ಗಟ್ಟಿಯಾಗಿದೆ ಬಿಡಿ. ಥೆರಪಿ ಯಾಕೆ, ಮ್ಯಾರಥಾನ್ ಓಡಿ.

ಆರನೇ_ಮಹಡಿ:
ಮೊಣಕಾಲನ್ನು ಕೇಳಿ ನೋಡಿ. ಹೋದ ತಿಂಗಳು ಒಳ್ಳೆ ಕೆಲಸವೊಂದು ಬಂದಿತ್ತು. ಆಫೀಸು ಹದಿನಾಲ್ಕನೇ ಮಹಡಿ. "ಸಂಬಳ ಹೊಂದಲಿಲ್ಲ" ಅಂತ ಮನೆಯಲ್ಲಿ ಸುಳ್ಳು ಹೇಳಿದೆ.

ಸುಮ್ನೆ_ಒಬ್ಬ:
ಓಹ್. ತಮಾಷೆ ವಾಪಸ್ ತಗೊಂಡೆ ಗುರೂ.

ಬೇರು_ಹುಡುಕುವವ:
ನಿಮ್ಮ ಅನುಮಾನ ಸರಿಯಾಗೇ ಇದೆ. ಲಿಫ್ಟ್ ನೆಪ ಅಷ್ಟೇ. ಒಳಗೆ ಬೇರೆ ಏನೋ ಇದೆ. ಚಿಕ್ಕವರಿದ್ದಾಗ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ್ದರಾ? ಅದನ್ನು ಹೊರಗೆ ತೆಗೆಯದೆ ಏಣಿ ಹತ್ತಿಸಿದರೆ ಇವತ್ತು ಲಿಫ್ಟ್ ಭಯ ಹೋಗುತ್ತದೆ, ನಾಳೆ ವಿಮಾನದ ಭಯ ಬರುತ್ತದೆ. ಬೇರು ಬಿಟ್ಟು ಕಳೆ ಕಿತ್ತರೆ ಮತ್ತೆ ಚಿಗುರುತ್ತದೆ.

ಹಳೇ_ಮೇಷ್ಟ್ರು:
ಕಾಲೇಜಿನಲ್ಲಿ ಮೂವತ್ತು ವರ್ಷ ಮನಶ್ಶಾಸ್ತ್ರ ಪಾಠ ಮಾಡಿದವನು ನಾನು, ಬಾಯಿ ಮುಚ್ಚಿಕೊಂಡು ಇರೋಕಾಗಲ್ಲ.

ಇಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಕಲಸಿಕೊಂಡಿವೆ. ಭಯ ಶುರುವಾಗಿದ್ದು ಹೇಗೆ? ಭಯ ಮೂರು ವರ್ಷ ಉಳಿದಿದ್ದು ಹೇಗೆ? ಉತ್ತರ ಬೇರೆ ಬೇರೆ. ಮೌರರ್ ಅನ್ನುವ ಮನಶ್ಶಾಸ್ತ್ರಜ್ಞ 1947ರಲ್ಲಿ ಇದನ್ನು ಎರಡು ಹಂತ ಮಾಡಿ ಬಿಡಿಸಿಟ್ಟ. ಮೊದಲ ಹಂತದಲ್ಲಿ ಹೆದರಿಕೆ ಮತ್ತು ಜಾಗ ಗಂಟು ಬೀಳುತ್ತವೆ. ಲಿಫ್ಟ್ ಅಂದರೆ ಉಸಿರುಗಟ್ಟುವುದು. ಇದಕ್ಕೆ ಒಂದೇ ಸಲ ಸಾಕು. ಎರಡನೇ ಹಂತ ಮುಖ್ಯ. ನೀವು ಮೆಟ್ಟಿಲ ಕಡೆ ತಿರುಗಿದ ಕ್ಷಣ "ಅಬ್ಬಾ" ಅನ್ನಿಸಿತಲ್ಲ, ಆ ಸಮಾಧಾನವೇ ಬಹುಮಾನ. ಬಹುಮಾನ ಸಿಕ್ಕ ಕೆಲಸವನ್ನು ಮನಸ್ಸು ಮತ್ತೆ ಮಾಡಿಸುತ್ತದೆ. ಮೂರು ವರ್ಷ ದಿನಾ ಎರಡು ಸಲ ಆ ಬಹುಮಾನ ತಗೊಂಡಿದ್ದೀರಿ. ಲಿಫ್ಟ್ ನಿಮಗೆ ಹೆದರಿಸಿದ್ದು ಒಂದು ದಿನ ಸ್ವಾಮಿ. ಉಳಿದದ್ದೆಲ್ಲ ಮೆಟ್ಟಿಲು ಮಾಡಿದ ಕೆಲಸ.

ಗುಬ್ಬಿ_ಗೂಡು:
ತೆನಾಲಿ ರಾಮನ ಬೆಕ್ಕು! ಕುದಿಯುವ ಹಾಲಿಗೆ ಮೂತಿ ಇಟ್ಟು ಸುಟ್ಟುಕೊಂಡ ಮೇಲೆ ಹಾಲು ಕಂಡರೆ ಓಡುತ್ತಿತ್ತಲ್ಲ.

ಹಳೇ_ಮೇಷ್ಟ್ರು:
ಭಲೇ ತಾಯಿ! ಮೂವತ್ತು ವರ್ಷ ಪಾಠ ಮಾಡಿದೆ, ಈ ಬೆಕ್ಕು ನನ್ನ ತಲೆಗೆ ಹೊಳೆಯಲೇ ಇಲ್ಲ. ಎಲ್ಲರೂ ಸುಟ್ಟ ಮೂತಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ಆದರೆ ಕಥೆಯ ಸ್ವಾರಸ್ಯ ಆಮೇಲಿನದು. ರಾಜನ ಮುಂದೆ ಇಟ್ಟಾಗ ಹಾಲು ತಣ್ಣಗಿದ್ದಿರಬಹುದು. ಬೆಕ್ಕಿಗೆ ಅದು ಗೊತ್ತಾಗುವುದು ಹೇಗೆ? ಓಡಿಹೋಯಿತಲ್ಲ!

ಬೀಗದ_ಕೈ:
ಈ ಸಾಲನ್ನು ಬರೆದಿಟ್ಟುಕೊಂಡೆ ಮೇಷ್ಟ್ರೇ. ನನ್ನ ಕಥೆ ಆಮೇಲೆ ಹೇಳುತ್ತೇನೆ.

ಕ್ವಿಜ್_ಮಾಸ್ಟರ್:
ರಷ್ಯಾದ ವಿಜ್ಞಾನಿ ಪಾವ್ಲೋವ್‌ಗೆ ನೊಬೆಲ್ ಬಂದಿದ್ದು ಇದಕ್ಕೇ ತಾನೇ? ಊಟದ ಮುಂಚೆ ದಿನಾ ಗಂಟೆ ಹೊಡೆದರೆ, ಆಮೇಲೆ ಬರೀ ಗಂಟೆಗೇ ನಾಯಿ ಜೊಲ್ಲು ಸುರಿಸುವುದು.

ಹಳೇ_ಮೇಷ್ಟ್ರು:
ಅಲ್ಲ. 1904ರ ನೊಬೆಲ್ ಜೀರ್ಣಕ್ರಿಯೆಯ ಕೆಲಸಕ್ಕೆ. ಇನ್ನು ಗಂಟೆ ಅನ್ನುವುದು ಸ್ವಲ್ಪ ಉಪ್ಪುಖಾರ ಹಚ್ಚಿದ ಕಥೆ. ಅವನು ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೋನೋಮ್ ಬಳಸಿದ, ಇನ್ನೂ ಏನೇನೋ ಬಳಸಿದ. ಮನುಷ್ಯರ ಭಯಕ್ಕೆ ಇದನ್ನು ಹಚ್ಚಿದವರು ವಾಟ್ಸನ್ ಮತ್ತು ರೇನರ್, 1920ರಲ್ಲಿ. ಹನ್ನೊಂದು ತಿಂಗಳ ಮಗು. ಬಿಳಿ ಇಲಿ ಮುಟ್ಟಲು ಕೈ ಚಾಚಿದಾಗೆಲ್ಲ ಹಿಂದೆ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಆಮೇಲೆ ಮಗು ಇಲಿಗೆ ಅತ್ತಿತು. ಮೊಲಕ್ಕೂ ಅತ್ತಿತು, ತುಪ್ಪಳದ ಕೋಟಿಗೂ ಅತ್ತಿತು.

ಗುಬ್ಬಿ_ಗೂಡು:
ಎಂಥ ಜನ. ಆಮೇಲೆ ಆ ಮಗುವಿನ ಭಯ ಬಿಡಿಸಿದರಾ?

ಹಳೇ_ಮೇಷ್ಟ್ರು:
ಇಲ್ಲ. ಹಾಗೇ ಕಳಿಸಿದರು. ಇವತ್ತು ಹೀಗೆ ಮಾಡಿದರೆ ಯಾರೂ ಒಪ್ಪಲ್ಲ. ವಿಜ್ಞಾನವಾಗಿ ನೋಡಿದರೂ ಒಂದೇ ಮಗು, ಅಳತೆ ಸಡಿಲ. ಅದನ್ನು ಕಲ್ಲಿನ ಮೇಲೆ ಬರೆದ ಶಾಸನದ ಥರ ಹೇಳುವವರನ್ನು ನಂಬಬೇಡಿ. ಪಾಠ ಮಾಡುವಾಗ ನಾನೂ ಹಾಗೇ ಹೇಳುತ್ತಿದ್ದೆ ಅನ್ನಿ.

ಆರನೇ_ಮಹಡಿ:
ಇಲಿಯಿಂದ ಕೋಟಿಗೆ ಹೋದದ್ದು, ನನ್ನದು ಲಿಫ್ಟ್‌ನಿಂದ ಚಿಲಕಕ್ಕೆ ಬಂದದ್ದು, ಎರಡೂ ಒಂದೇ ಥರ ಇದೆ. ಆದರೆ ನನ್ನ ಮೊದಲ ಪ್ರಶ್ನೆ ಎಲ್ಲೋ ಕಳೆದುಹೋಯಿತು. ಮಿಕ್ಕ ಮೂವರು?

ಸೋಮವಾರದ_ಕ್ಲಿನಿಕ್:
ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ನಿಮ್ಮನ್ನು ನೋಡದೆ ನಿಮ್ಮ ಬಗ್ಗೆ ತೀರ್ಪು ಕೊಡುವುದಿಲ್ಲ. ಸಾಮಾನ್ಯವಾಗಿ ಹೀಗಿರುತ್ತದೆ.

ಒಬ್ಬರ ನರಮಂಡಲ ಬೇಗ ಎಚ್ಚರಗೊಳ್ಳುವಂಥದ್ದು, ಇನ್ನೊಬ್ಬರದು ನಿಧಾನ. ಅದರಲ್ಲಿ ಹುಟ್ಟಿನ ಪಾಲೂ ಇದೆ. ಹುಟ್ಟಿನಿಂದ ಬಂದ ಒಲವು ಒಂದು ಕಡೆ, ಮೇಲೆ ಬಿದ್ದ ಒತ್ತಡ ಇನ್ನೊಂದು ಕಡೆ, ಎರಡೂ ಕೂಡಿದಾಗ ಕಾಯಿಲೆ ಅನ್ನುವುದು ಹಳೇ ಲೆಕ್ಕ. ಈಗಲೂ ಅದು ಕೆಲಸಕ್ಕೆ ಬರುತ್ತದೆ. ಆ ವಾರ ನಿಮಗೆ ನಿದ್ದೆ ಇತ್ತಾ, ಮನೆಯಲ್ಲಿ ಏನಾದರೂ ನಡೆದಿತ್ತಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು, ಹಳೇ ಅನುಭವ. ಸಾವಿರ ಸಲ ಏನೂ ಆಗದೆ ಲಿಫ್ಟ್‌ನಲ್ಲಿ ಓಡಾಡಿದವರಿಗೆ ಒಂದು ಕೆಟ್ಟ ಸಲ ಅಷ್ಟು ಬೇಗ ಅಂಟುವುದಿಲ್ಲ.

ಮತ್ತೆ ಒಳಗೆ ನೀವು ಏನು ಅಂದುಕೊಂಡಿರಿ ಅನ್ನುವುದು. ನಾಲ್ವರ ಎದೆಯೂ ಬಡಿದುಕೊಂಡಿರಬಹುದು. ಒಬ್ಬರು "ಸೆಕೆ" ಅಂದುಕೊಂಡರು. ನೀವು "ಸತ್ತೆ" ಅಂದುಕೊಂಡಿರಿ. ಹಾಗೆ ಅಂದುಕೊಂಡರೆ ಎದೆ ಇನ್ನೂ ಜೋರಾಗಿ ಬಡಿಯುತ್ತದೆ, ಅದು ಸಾವಿಗೆ ಇನ್ನೊಂದು ಸಾಕ್ಷಿ ಆಗುತ್ತದೆ. ಪ್ಯಾನಿಕ್ ಅಟ್ಯಾಕ್ ಹೀಗೆ ತನ್ನ ಬಾಲವನ್ನು ತಾನೇ ನುಂಗುತ್ತದೆ ಅಂತ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಬೆರಳು ಜುಮ್ಮೆಂದದ್ದು ಜಾಸ್ತಿ ಜಾಸ್ತಿ ಉಸಿರು ಎಳೆದಿದ್ದರಿಂದ. ಗಾಳಿ ಕಡಿಮೆ ಆಗಿದ್ದರಿಂದ ಅಲ್ಲ.

ಆದರೆ ನಿಮ್ಮ ಪೋಸ್ಟ್‌ನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಾಲು. ಆ ಮೂವರು ಸಂಜೆ ಅದೇ ಲಿಫ್ಟ್‌ನಲ್ಲಿ ಇಳಿದರು. ಯಾರಿಗೆ ಗೊತ್ತು, ಅವರಲ್ಲಿ ಒಬ್ಬರ ಕಾಲು ನಡುಗುತ್ತಿದ್ದಿರಬಹುದು. ಇಳಿದರು, ಏನೂ ಆಗಲಿಲ್ಲ, ಗಂಟು ಬಿಗಿಯುವ ಮೊದಲೇ ಬಿಚ್ಚಿತು.

ಆರನೇ_ಮಹಡಿ:
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಸಂಜೆ ಸೌಮ್ಯ ಸ್ವಭಾವದ ನನ್ನ ಟೀಮ್ ಲೀಡ್ "ಬಾ, ನಾವೆಲ್ಲ ಇದ್ದೀವಲ್ಲ" ಅಂತ ಬಾಗಿಲು ಹಿಡಿದುಕೊಂಡು ನಿಂತಿದ್ದರು. "ವಾಕಿಂಗ್ ಆಗುತ್ತೆ ಬಿಡಿ ಸರ್" ಅಂದೆ.

ಗುಬ್ಬಿ_ಗೂಡು:
ನನ್ನ ಮಗಳದು ಇನ್ನೂ ವಿಚಿತ್ರ. ಅವಳಿಗೆ ನಾಯಿ ಕಚ್ಚಿಲ್ಲ, ಅಟ್ಟಿಸಿಕೊಂಡೂ ಬಂದಿಲ್ಲ. ಆದರೂ ನಾಯಿ ಕಂಡರೆ ಕಿರುಚುತ್ತಿದ್ದಳು. ಎತ್ತಿಕೊಳ್ಳುತ್ತಿದ್ದೆ, ಸುಮ್ಮನಾಗುತ್ತಿದ್ದಳು. ಒಂದು ದಿನ ನಮ್ಮ ಯಜಮಾನರು ಹೇಳಿದರು, "ಅವಳು ನಾಯಿಯನ್ನ ನೋಡೋದಕ್ಕೆ ಮುಂಚೆ ನಿನ್ನ ಕೈ ನೋಡ್ತಾಳೆ" ಅಂತ. ಹೌದು! ದೂರದಲ್ಲಿ ನಾಯಿ ಕಂಡ ತಕ್ಷಣ ನನ್ನ ಬೆರಳು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತಿತ್ತು. ನನಗೇ ಗೊತ್ತಿರಲಿಲ್ಲ. ಹೆದರಿದ್ದು ನಾನು, ಕಲಿತದ್ದು ಅವಳು.

ಸೋಮವಾರದ_ಕ್ಲಿನಿಕ್:
ಇದನ್ನು ರಾಕ್‌ಮನ್ 1977ರಲ್ಲೇ ಹೇಳಿದರು. ಭಯಕ್ಕೆ ಮೂರು ದಾರಿ. ನಮಗೇ ಆಗುವುದು, ಬೇರೆಯವರು ಹೆದರುವುದನ್ನು ನೋಡುವುದು, ಬರೀ ಕೇಳುವುದು. ಸೂಸನ್ ಮಿನೇಕಾ ಅವರ ಕೋತಿಗಳ ಪ್ರಯೋಗ ಓದಿ. ಲ್ಯಾಬ್‌ನಲ್ಲೇ ಬೆಳೆದ ಕೋತಿಗಳಿಗೆ ಹಾವಿನ ಭಯ ಇರಲಿಲ್ಲ. ಕಾಡಿನ ಕೋತಿ ಹಾವಿಗೆ ಹೆದರುವುದನ್ನು ನೋಡಿ ಕಲಿತವು. ತಮಾಷೆ ಏನೆಂದರೆ, ವಿಡಿಯೋ ತಿದ್ದಿ ಕೋತಿ ಹೂವಿಗೆ ಹೆದರುವಂತೆ ತೋರಿಸಿದಾಗ ಅವು ಹೂವಿನ ಭಯ ಕಲಿಯಲಿಲ್ಲ.

ಸುಮ್ನೆ_ಒಬ್ಬ:
ಕೋತಿಗೇ ಇರುವ ಬುದ್ಧಿ. ನಮ್ಮ ಅತ್ತಿಗೆ ಚಿಟ್ಟೆ ಕಂಡರೆ ಓಡುತ್ತಾರೆ.

ಬೇರು_ಹುಡುಕುವವ:
ಎಲ್ಲಾ ಸರಿ ಸ್ವಾಮಿ. ಇಲಿ, ಬೆಕ್ಕು, ಕೋತಿ ಎಲ್ಲಾ ಆಯಿತು. ಮನುಷ್ಯನಿಗೆ ಒಳಮನಸ್ಸು ಅಂತ ಒಂದು ಇದೆಯೋ ಇಲ್ಲವೋ? ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಬಲೂನ್ ಇದ್ದಂತೆ.

ಸೋಮವಾರದ_ಕ್ಲಿನಿಕ್:
ಈ ಬಲೂನ್ ಮಾತನ್ನು ಆಗಲೇ ಪರೀಕ್ಷೆ ಮಾಡಿದ್ದಾರೆ ಸರ್. ಗಾರ್ಡನ್ ಪಾಲ್, 1966. ಸಭೆಯಲ್ಲಿ ಮಾತಾಡಲು ನಡುಗುವ ಕಾಲೇಜು ವಿದ್ಯಾರ್ಥಿಗಳು. ಕೆಲವರಿಗೆ ಭಯದ ಮೂಲ ಅರಿಯುವ ಥೆರಪಿ, ಕೆಲವರಿಗೆ ಹಂತ ಹಂತವಾಗಿ ಭಯ ಇಳಿಸುವ ವರ್ತನಾ ಚಿಕಿತ್ಸೆ. ಎರಡನೆಯವರೇ ಜಾಸ್ತಿ ಸುಧಾರಿಸಿದರು. ಎರಡು ವರ್ಷ ಬಿಟ್ಟು ಮತ್ತೆ ನೋಡಿದರು. ಸುಧಾರಣೆ ಉಳಿದಿತ್ತು, ಅದರ ಜಾಗದಲ್ಲಿ ಹೊಸ ತೊಂದರೆ ಎದ್ದಿರಲಿಲ್ಲ.

ಬೇರು_ಹುಡುಕುವವ:
ಭಾಷಣದ ಭಯ ಚಿಕ್ಕದು. ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಹೊಡೆತ ತಿಂದವರಿಗೂ ಹತ್ತು ಮೆಟ್ಟಿಲಿನ ಏಣಿ ಕೊಡುತ್ತೀರಾ?

ಸೋಮವಾರದ_ಕ್ಲಿನಿಕ್:
ಇಲ್ಲ, ಆ ಮಾತು ಒಪ್ಪಿದೆ. ಅಲ್ಲಿ ಕಥೆ ಕೇಳಲೇಬೇಕು. ಆಘಾತಕ್ಕೆ ಎಡ್ನಾ ಫೋವಾ ಕಟ್ಟಿದ ಚಿಕಿತ್ಸೆಯಲ್ಲಿ ಆ ನೆನಪನ್ನು ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿರುವಂತೆ, ಮತ್ತೆ ಮತ್ತೆ ಹೇಳಿಸುತ್ತಾರೆ. ಹಳೆಯದನ್ನು ಮುಟ್ಟುತ್ತೇವೆ ಸರ್. ಬರೀ ಅರ್ಥ ಹುಡುಕಲಿಕ್ಕೆ ಅಲ್ಲ, ಆ ನೆನಪಿನಿಂದ ಓಡುವುದು ನಿಲ್ಲಲಿ ಅಂತ. ಇನ್ನು ಜೀವನವೇ ಕದಡಿಹೋದವರಿಗೆ ಇನ್ನೂ ಉದ್ದದ ಕೆಲಸ ಬೇಕು. ಲಿಫ್ಟ್ ಭಯಕ್ಕೆ ಅಷ್ಟೆಲ್ಲ ಅಗೆಯುವುದು ಬೇಡ, ಅಷ್ಟೇ ನನ್ನ ಮಾತು.

ಬೇರು_ಹುಡುಕುವವ:
ಅರ್ಧ ಒಪ್ಪಿದೆ.

ಸುಮ್ನೆ_ಒಬ್ಬ:
ಈ ವೇದಿಕೆಯಲ್ಲಿ ಯಾರಾದರೂ ಅರ್ಧ ಒಪ್ಪಿದ್ದು ಇದೇ ಮೊದಲು. ಪಿನ್ ಮಾಡಿ.

ಬೀಗದ_ಕೈ:
ಈಗ ನನ್ನ ಸರದಿ. ಒಸಿಡಿ, ಅಂದರೆ ಬೇಡದ ಯೋಚನೆ ಬಿಡದೆ ಕಾಡಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ, ಹನ್ನೊಂದು ವರ್ಷ. ಮನೆಯಿಂದ ಹೊರಡುವಾಗ ಬೀಗ ಏಳು ಸಲ ಜಗ್ಗಬೇಕು. ಆರಾದರೆ ಮತ್ತೆ ಒಂದರಿಂದ. ಬೆರಳಿನ ಗೆಣ್ಣು ಗಟ್ಟಿಯಾಗಿ ಕಪ್ಪಾಗಿತ್ತು. ಆಮೇಲೆ ಬುದ್ಧಿವಂತಿಕೆ ಮಾಡಿದೆ. ಫೋನಿನಲ್ಲಿ ಬೀಗದ ಫೋಟೋ ತೆಗೆದುಕೊಂಡು ಹೋಗುವುದು. ಒಂದು ವಾರ ಸ್ವರ್ಗ. ಆಮೇಲೆ "ಫೋಟೋ ತೆಗೆದ ಮೇಲೆ ಬೀಗ ಮುಟ್ಟಿದೆನಾ?" ಅಂತ ಶುರು. ವಿಡಿಯೋ. ಅದರ ಮೇಲೆ ಹೆಂಡತಿಗೆ ಫೋನ್, "ನೀನು ನೋಡಿದೆ ತಾನೇ?" ದಿನಕ್ಕೆ ಹದಿನೈದು ಸಲ.

ಚಿಕಿತ್ಸೆಯಲ್ಲಿ ಹೇಳಿದ್ದು ಇಷ್ಟೇ. ಬೀಗ ಹಾಕು. ಒಂದು ಸಲ. ತಿರುಗು. ನಡೆ. ಫೋಟೋ ಇಲ್ಲ. ಹೆಂಡತಿಗೂ ಪಾಠ ಹೇಳಿದರು, ಕೇಳಿದರೆ "ಗೊತ್ತಿಲ್ಲ" ಅನ್ನಬೇಕು ಅಂತ. ಹನ್ನೊಂದು ವರ್ಷ "ಹಾಕಿದ್ದೀಯಾ ಕಣೋ" ಅಂದವಳಿಗೆ "ಗೊತ್ತಿಲ್ಲ" ಅನ್ನೋಕೆ ಬಾಯಿ ಬರಲಿಲ್ಲ, ಅತ್ತುಬಿಟ್ಟಳು.

ಮೊದಲ ದಿನ ರಸ್ತೆ ತಿರುವಿನಲ್ಲಿ ಒಂದು ಕಲ್ಲಿನ ಮೇಲೆ ಕೂತೆ. ಸಂಕಟ 90. ವಾಂತಿ ಬರುವ ಹಾಗೆ. ವಾಚ್ ನೋಡಿಕೊಂಡು ಪ್ರತಿ ಐದು ನಿಮಿಷಕ್ಕೆ ನಂಬರ್ ಬರೆದೆ. 90, 90, 85, 90, 80. ಒಂದೂಕಾಲು ಗಂಟೆಗೆ 30. ನಾನು ಏನೂ ಮಾಡಿರಲಿಲ್ಲ! ಜಗ್ಗದಿದ್ದರೂ ಅದು ತಾನಾಗಿ ಇಳಿಯುತ್ತದೆ ಅನ್ನುವುದು ನನಗೆ ಹನ್ನೊಂದು ವರ್ಷ ಗೊತ್ತೇ ಇರಲಿಲ್ಲ. ಯಾಕೆಂದರೆ ಇಳಿಯುವವರೆಗೆ ಕಾದಿದ್ದೇ ಇಲ್ಲ. ಬೆಕ್ಕು.

ರಾತ್ರಿ_ಪಾಳಿ:
ಆ ಕಲ್ಲಿನ ಮೇಲೆ ಕೂತದ್ದು ಓದಿ ನನ್ನ ಹೊಟ್ಟೆಯೂ ಕಿವುಚಿತು.

ಹಳೇ_ಮೇಷ್ಟ್ರು:
ಈ ಚಿಕಿತ್ಸೆ ವಿಕ್ಟರ್ ಮೆಯರ್ ಅವರದು, 1966. ಬರೀ ಇಬ್ಬರು ರೋಗಿಗಳಿಂದ ಶುರುವಾಗಿದ್ದು. ಅಲ್ಲಿಯವರೆಗೆ ಒಸಿಡಿಗೆ ಯಾವ ಥೆರಪಿಯೂ ಅಷ್ಟಾಗಿ ಹತ್ತುತ್ತಿರಲಿಲ್ಲ. ಇನ್ನೊಂದು ಮಾತು. ರಾಕ್‌ಮನ್ ಮತ್ತು ಡಿ ಸಿಲ್ವಾ 1978ರಲ್ಲಿ ಕಾಯಿಲೆ ಇಲ್ಲದವರನ್ನೂ ಕೇಳಿ ನೋಡಿದರು. ಅವರಲ್ಲಿ ಹೆಚ್ಚಿನವರಿಗೂ ಅಂಥವೇ ಬೇಡದ ಯೋಚನೆ ಬರುತ್ತಿದ್ದವು. ಬೀಗ ಹಾಕಿದೆನಾ, ಎತ್ತರದಿಂದ ಹಾರಿಬಿಟ್ಟರೆ, ಮಗುವನ್ನು ಕೈಬಿಟ್ಟರೆ. ಯೋಚನೆ ಎಲ್ಲರಿಗೂ ಬರುತ್ತದೆ. ಬಂದಾಗ ಏನು ಮಾಡುತ್ತೇವೆ ಅನ್ನುವಲ್ಲಿ ದಾರಿ ಕವಲಾಗುತ್ತದೆ.

ಗುಬ್ಬಿ_ಗೂಡು:
ಮಗುವನ್ನು ಕೈಬಿಟ್ಟರೆ... ಅಯ್ಯೋ, ನನಗೂ ಬರುತ್ತಿತ್ತು! ಬಾಣಂತಿಯಾಗಿದ್ದಾಗ. ಯಾರಿಗೂ ಹೇಳಿರಲಿಲ್ಲ.

ಧೈರ್ಯಂ:
ಇಷ್ಟೆಲ್ಲ ಏಣಿ ಯಾಕೆ? ಒಂದು ದಿನ ಲಿಫ್ಟ್‌ನಲ್ಲಿ ಹಾಕಿ ಕೂಡಿಟ್ಟರೆ ಸರಿಹೋಗುತ್ತಾರೆ. ನಮ್ಮ ಅಪ್ಪ ನನಗೆ ಈಜು ಕಲಿಸಿದ್ದು ನೀರಿಗೆ ತಳ್ಳಿಯೇ.

ಕಾರಿಡಾರ್_ಬೆಂಚು:
ದಯವಿಟ್ಟು ಹೀಗೆ ಹೇಳಬೇಡಿ. ನನಗೆ ಹಾಗೇ ಆಗಿದೆ. ಹೆಸರು ಬೇಡ. ಒಬ್ಬ ಕೌನ್ಸೆಲರ್ ಮೊದಲ ದಿನವೇ, ಸರಿಯಾಗಿ ಏನೂ ಹೇಳದೆ, ಜನ ತುಂಬಿದ ಜಾಗಕ್ಕೆ ಕರೆದುಕೊಂಡು ಹೋದರು. ಭಯ ನೆತ್ತಿಗೇರಿದಾಗ "ಸರಿ, ಟೈಮ್ ಆಯಿತು" ಅಂತ ಹೊರಗೆ ಕರೆತಂದರು. ನನ್ನ ತಲೆ ಕಲಿತದ್ದು ಒಂದೇ. ಹೊರಗೆ ಓಡಿ ಬಂದದ್ದಕ್ಕೆ ಬದುಕಿದೆ ಅಂತ. ಮುಂದಿನ ಎಂಟು ತಿಂಗಳು ಮನೆ ಬಿಟ್ಟು ಹೊರಗೆ ಹೋಗಲಿಲ್ಲ.

ಧೈರ್ಯಂ:
ಕ್ಷಮಿಸಿ. ಗೊತ್ತಿರಲಿಲ್ಲ.

ಸೋಮವಾರದ_ಕ್ಲಿನಿಕ್:
ಕೇಳಿ ಬೇಜಾರಾಯಿತು. ರೋಗಿ ಒಪ್ಪದೆ ಒಂದು ಹೆಜ್ಜೆಯೂ ಇಡಬಾರದು. ಮೇಲಿನ ಮೆಟ್ಟಿಲಿನಿಂದ ಶುರು ಮಾಡುವ ಪದ್ಧತಿಯೂ ಇದೆ, ಇಲ್ಲ ಅನ್ನುವುದಿಲ್ಲ. ಸ್ವೀಡನ್ನಿನ ಊಸ್ಟ್ 1989ರಲ್ಲಿ ಒಂದೇ ಸೆಷನ್‌ನಲ್ಲಿ, ಮೂರು ಗಂಟೆಯ ಒಳಗೆ, ಒಂದೊಂದು ಫೋಬಿಯಾಗೆ ಚಿಕಿತ್ಸೆ ಕೊಟ್ಟು ತೋರಿಸಿದರು. ಆದರೆ ಅದರಲ್ಲೂ ಮೊದಲು ವಿವರಣೆ, ಆಮೇಲೆ ಹಂತ ಹಂತ, ಪ್ರತಿ ಹೆಜ್ಜೆಗೂ "ಮಾಡೋಣವಾ?" ತಳ್ಳುವುದು ಎಲ್ಲೂ ಇಲ್ಲ.

ಪ್ರಾಣಾಯಾಮ_ಪ್ರಿಯ:
ಎಲ್ಲಾ ಭಯಕ್ಕೂ ಒಂದೇ ಮದ್ದು. ದೀರ್ಘವಾಗಿ ಉಸಿರು ಎಳೆದು ಮೈ ಸಡಿಲ ಬಿಡಿ.

ಸೂಜಿ_ನೋಡಬೇಡಿ:
ದಯವಿಟ್ಟು ನನಗೆ ಹಾಗೆ ಹೇಳಬೇಡಿ, ಬಿದ್ದುಬಿಡುತ್ತೇನೆ! ನಿಜವಾಗಲೂ. ನನಗೆ ರಕ್ತ, ಸೂಜಿ ಕಂಡರೆ ತಲೆ ತಿರುಗಿ ದೊಪ್ಪಂತ ಬೀಳುವುದು. ಬೇರೆ ಭಯದಲ್ಲಿ ಬಿಪಿ ಏರುತ್ತದಂತೆ. ಇದರಲ್ಲಿ ಮೊದಲು ಸ್ವಲ್ಪ ಏರಿ ಆಮೇಲೆ ದಬಕ್ಕನೆ ಇಳಿಯುತ್ತದೆ. ಅದಕ್ಕೇ ಬೀಳುವುದು. ನನಗೆ ಕಲಿಸಿದ್ದು ಉಲ್ಟಾ. ತೋಳು, ತೊಡೆ, ಹೊಟ್ಟೆ ಬಿಗಿ ಹಿಡಿದು ಮುಖ ಬಿಸಿಯಾಗುವವರೆಗೆ ಹತ್ತು ಹದಿನೈದು ಸೆಕೆಂಡ್ ತಡೆಯುವುದು, ಬಿಡುವುದು, ಅರ್ಧ ನಿಮಿಷ ಬಿಟ್ಟು ಮತ್ತೆ. ಹೋದ ವಾರ ಮೊದಲ ಸಲ ಕೂತುಕೊಂಡೇ ರಕ್ತಪರೀಕ್ಷೆ ಮಾಡಿಸಿಕೊಂಡೆ. ನರ್ಸ್ "ಯಾಕಮ್ಮ ಕುಸ್ತಿಪಟು ಥರ ಕೂತಿದ್ದೀಯಾ" ಅಂದರು.

ಸೋಮವಾರದ_ಕ್ಲಿನಿಕ್:
ಇದೂ ಊಸ್ಟ್ ಅವರದೇ ಕೆಲಸ, 1987.

ಹಳೇ_ಮೇಷ್ಟ್ರು:
ಆದರೆ ಮೈ ಸಡಿಲ ಬಿಡುವುದಕ್ಕೂ ಇತಿಹಾಸ ಇದೆ. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1958ರಲ್ಲಿ ಹೇಳಿದ್ದೇ ಅದು. ಮೈ ಸಡಿಲ ಇರುವಾಗ ಭಯ ಒಟ್ಟಿಗೇ ಇರಲಾರದು. ಆ 0ರಿಂದ 100ರ ಅಳತೆಯೂ ಅವನದೇ.

ಸೋಮವಾರದ_ಕ್ಲಿನಿಕ್:
ಹೌದು ಮೇಷ್ಟ್ರೇ. ಆದರೆ ಸಡಿಲ ಬಿಡದಿದ್ದರೂ ಕೆಲಸ ನಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಈಗ ಮಿಷೆಲ್ ಕ್ರಾಸ್ಕ್ ಮುಂತಾದವರು ಹೇಳುವುದು ಇನ್ನೂ ಮುಂದೆ ಹೋಗಿದೆ. ಭಯ ಇಳಿಯಿತಾ ಅನ್ನುವುದಕ್ಕಿಂತ, ನೀವು ಅಂದುಕೊಂಡದ್ದು ಸುಳ್ಳಾಯಿತಾ ಅನ್ನುವುದು ಮುಖ್ಯ. ಆರನೇ ಮಹಡಿ ಸರ್, ಲಿಫ್ಟ್‌ಗೆ ಹೋಗುವ ಮೊದಲು ಒಂದು ಚೀಟಿ ಬರೆಯಿರಿ. "ಮೂರು ನಿಮಿಷ ಒಳಗೆ ನಿಂತರೆ ಪ್ರಜ್ಞೆ ತಪ್ಪುತ್ತೇನೆ" ಅಂತ ಅನ್ನಿಸಿದರೆ ಹಾಗೇ ಬರೆಯಿರಿ. ಬಂದ ಮೇಲೆ ತೆಗೆದು ಓದಿ.

ಕ್ವಿಜ್_ಮಾಸ್ಟರ್:
ಅಂದರೆ ಹಳೇ ಭಯ ಅಳಿಸಿಹೋಗುತ್ತಾ?

ಸೋಮವಾರದ_ಕ್ಲಿನಿಕ್:
ಇಲ್ಲ. ಇದನ್ನು ಶುರುವಿನಲ್ಲೇ ಹೇಳಿಬಿಡುತ್ತೇನೆ ನಾನು, ಇಲ್ಲದಿದ್ದರೆ ಜನ ಆಮೇಲೆ ನೊಂದುಕೊಳ್ಳುತ್ತಾರೆ. ಹಳೇ ಪಾಠದ ಪಕ್ಕದಲ್ಲಿ ಹೊಸ ಪಾಠ ಕೂರುತ್ತದೆ. ಮಾರ್ಕ್ ಬೌಟನ್ ಪ್ರಾಣಿಗಳಲ್ಲಿ ತೋರಿಸಿದ್ದು ಇದನ್ನೇ. ಜಾಗ ಬದಲಾದರೆ ಹಳೇ ಭಯ ತಲೆ ಎತ್ತುತ್ತದೆ. ಬಹಳ ದಿನ ಬಿಟ್ಟರೂ ಎತ್ತುತ್ತದೆ. ಅದಕ್ಕೇ ಒಂದೇ ಲಿಫ್ಟ್‌ನಲ್ಲಿ ಅಭ್ಯಾಸ ಮಾಡಬೇಡಿ. ಹಳೇದು, ಹೊಸದು, ಕನ್ನಡಿ ಇರುವುದು, ಇಲ್ಲದ್ದು, ಬೆಳಗ್ಗೆ, ರಾತ್ರಿ.

ಹಳೇ_ಮೇಷ್ಟ್ರು:
1924ರಲ್ಲೇ ಇದಕ್ಕೆ ಉದಾಹರಣೆ ಸಿಗುತ್ತದೆ. ಮೇರಿ ಕವರ್ ಜೋನ್ಸ್ ಅನ್ನುವಾಕೆ ಪೀಟರ್ ಅನ್ನುವ ಮೂರು ವರ್ಷದೊಳಗಿನ ಹುಡುಗನ ಮೊಲದ ಭಯ ಬಿಡಿಸಿದಳು. ಅವನು ಇಷ್ಟಪಟ್ಟು ತಿನ್ನುತ್ತಿರುವಾಗ ಮೊಲದ ಪಂಜರವನ್ನು ದಿನದಿನಕ್ಕೂ ಸ್ವಲ್ಪ ಹತ್ತಿರ. ನಡುವೆ ಹುಡುಗನಿಗೆ ಜ್ವರ ಬಂದು ಆಸ್ಪತ್ರೆ ಸೇರಿದ. ಹೊರಗೆ ಬರುವಾಗ ದೊಡ್ಡ ನಾಯಿಯೊಂದು ಮೇಲೆ ಎಗರಿತು. ಕಲಿತದ್ದೆಲ್ಲ ಹೋಯಿತು. ಆಕೆ ಮತ್ತೆ ಮೊದಲಿನಿಂದ ಶುರು ಮಾಡಿದಳು. ಕೊನೆಗೆ ಮೊಲ ಅವನ ಬೆರಳು ಕಚ್ಚಿ ಆಡುತ್ತಿತ್ತು.

ಮಂಕು_ಬೆಳಗು:
ನನ್ನದು ಭಯ ಅಲ್ಲ, ಖಿನ್ನತೆ. ಇದಕ್ಕೂ ಈ ಲೆಕ್ಕ ಅನ್ವಯ ಆಗುತ್ತಾ ಅಂತ ಯಾರಾದರೂ ಕೇಳುತ್ತೀರಿ ಅಂತ ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ.

ನಾನು ಓಡುತ್ತಿದ್ದದ್ದು ಹಾಸಿಗೆಗೆ. ಫೋನ್ ಬಂದರೆ ಎತ್ತುವುದಿಲ್ಲ, ಆ ಕ್ಷಣ ಹಗುರ. ಆಮೇಲೆ ಫೋನ್ ಬರುವುದೇ ನಿಂತಿತು. ಹಾಗೆ ಒಂದೊಂದಾಗಿ ಬದುಕಿನಲ್ಲಿ ಖುಷಿ ಕೊಡುವುದೆಲ್ಲ ಕಳಚಿಕೊಂಡಿತು. ಲೆವಿನ್‌ಸೋನ್ ಅನ್ನುವವರು ಖಿನ್ನತೆಯನ್ನು ಹೀಗೇ ವಿವರಿಸಿದ್ದಾರೆ ಅಂತ ಡಾಕ್ಟರ್ ಹೇಳಿದರು. ನನಗೆ ಕೊಟ್ಟ ಮೊದಲ ಕೆಲಸ ನಗು ಬರುವಂಥದ್ದು. ಎಂಟು ಗಂಟೆಗೆ ಎದ್ದು ಪರದೆ ಸರಿಸುವುದು. ಮನಸ್ಸು ಬಂದರೂ ಸರಿ, ಬರದಿದ್ದರೂ ಸರಿ. ಪರದೆಯ ಒಂದು ಕೊಕ್ಕೆ ಮುರಿದಿತ್ತು, ಅರ್ಧ ಸರಿದು ನಿಲ್ಲುತ್ತಿತ್ತು. ನಾಲ್ಕನೇ ದಿನ ಸಿಟ್ಟು ಬಂದು ಕೊಕ್ಕೆ ರಿಪೇರಿ ಮಾಡಿದೆ. ಎಷ್ಟೋ ತಿಂಗಳ ಮೇಲೆ ನನಗೆ ಬಂದ ಮೊದಲ ಸಿಟ್ಟು. ಡಾಕ್ಟರ್‌ಗೆ ಹೇಳಿದರೆ ಅವರಿಗೆ ಖುಷಿಯೋ ಖುಷಿ. ಮಾತ್ರೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಸೋಮವಾರದ_ಕ್ಲಿನಿಕ್:
ತುಂಬಾ ಚೆನ್ನಾಗಿ ಹೇಳಿದಿರಿ. 2016ರ ಒಂದು ದೊಡ್ಡ ಪ್ರಯೋಗದಲ್ಲಿ ಈ ಸರಳ ವಿಧಾನ, ಕಡಿಮೆ ತರಬೇತಿ ಪಡೆದವರ ಕೈಯಲ್ಲೂ, ಸಿಬಿಟಿಗಿಂತ (ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಥೆರಪಿ) ಕಡಿಮೆ ಬೀಳಲಿಲ್ಲ. ಮಾತ್ರೆಯ ಮಾತು ಹೇಳಿದ್ದೂ ಒಳ್ಳೆಯದಾಯಿತು. ಬೈಪೋಲಾರ್, ಸ್ಕಿಜೋಫ್ರೇನಿಯಾ ಇಂಥವಕ್ಕೆ ಏಣಿ ಹಿಡಿದುಕೊಂಡು ಕೂರಬೇಡಿ, ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಹೋಗಿ.

ಕ್ವಿಜ್_ಮಾಸ್ಟರ್:
ಕಲಿತ ಅಸಹಾಯಕತೆ ಅಂದರೆ ಇದೇ ತಾನೇ? ಸೆಲಿಗ್‌ಮನ್ ನಾಯಿಗಳು.

ಹಳೇ_ಮೇಷ್ಟ್ರು:
ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅವರ 1967ರ ಪ್ರಯೋಗ. ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳು ಆಮೇಲೆ ದಾರಿ ಇದ್ದರೂ ಸುಮ್ಮನೆ ಬಿದ್ದುಕೊಂಡವು. ಆದರೆ ಮುಂದಿನದು ಗೊತ್ತಾ? ಅದೇ ಮೇಯರ್ ಮತ್ತು ಸೆಲಿಗ್‌ಮನ್ 2016ರಲ್ಲಿ ತಮ್ಮ ಮಾತನ್ನೇ ತಿರುಗಿಸಿದರು. ಸುಮ್ಮನೆ ಬಿದ್ದುಕೊಳ್ಳುವುದು ಕಲಿತದ್ದಲ್ಲ, ದೀರ್ಘ ಹಿಂಸೆಗೆ ಮಿದುಳು ಮೊದಲೇ ಇಟ್ಟುಕೊಂಡ ಉತ್ತರ ಅದು. ಕಲಿಯಬೇಕಾದದ್ದು "ನನ್ನ ಕೈಯಲ್ಲಿ ಆಗುತ್ತದೆ" ಅನ್ನುವುದನ್ನ. ಸುಮಾರು ಐವತ್ತು ವರ್ಷ ಆದಮೇಲೆ ತಮ್ಮ ಪಾಠವನ್ನು ತಾವೇ ತಿದ್ದಿಕೊಂಡರು. ನಾನು ಪಾಠ ಮಾಡಿದ ಅಷ್ಟೂ ಬ್ಯಾಚ್‌ಗೆ ಈಗ ಫೋನ್ ಮಾಡಿ ತಿದ್ದಲಾ?

ರಾತ್ರಿ_ಪಾಳಿ:
ನನ್ನದೂ ಒಂದು ಸೇರಿಸಿಕೊಳ್ಳಿ. ನಿದ್ದೆ ಇಲ್ಲ. ಶುರುವಾಗಿದ್ದು ಪಾಳಿ ಕೆಲಸದಿಂದ. ಪಾಳಿ ಬಿಟ್ಟು ನಾಲ್ಕು ವರ್ಷ ಆಯಿತು, ನಿದ್ದೆ ಬರಲಿಲ್ಲ. ಕಾರಣ ಏನು ಅಂದರೆ, ನಿದ್ದೆ ಬರಲಿ ಅಂತ ಒಂಬತ್ತಕ್ಕೇ ಹಾಸಿಗೆಗೆ ಹೋಗಿ ಮೂರರವರೆಗೆ ಹೊರಳುತ್ತಿದ್ದೆ. ಹಾಸಿಗೆ ಅಂದರೆ ಎಚ್ಚರ ಅಂತ ಮೈಗೆ ಪಾಠ ಆಗಿತ್ತು. ಚಿಕಿತ್ಸೆ? ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳು, ತೂಕಡಿಕೆ ಬಂದಾಗ ಮಾತ್ರ ವಾಪಸ್ ಬಾ. ಬೂಟ್ಜಿನ್ ಅನ್ನುವವರು 1972ರಲ್ಲಿ ಹೇಳಿದ್ದಂತೆ. ಮೊದಲ ವಾರ ನರಕ. ಕೆಟ್ಟ ಮರದ ಕುರ್ಚಿಯೊಂದರಲ್ಲಿ ಕೂತು ಗೋಡೆ ನೋಡುತ್ತಿದ್ದೆ. ಮೂರನೇ ವಾರ ಆ ಕುರ್ಚಿಯಲ್ಲೇ ಗೊರಕೆ.

ಸುಮ್ನೆ_ಒಬ್ಬ:
ಈಗ ಕುರ್ಚಿ ಇಲ್ಲದೆ ನಿದ್ದೆ ಬರಲ್ಲ ಅನ್ನಬೇಡಿ ಮತ್ತೆ.

ರಾತ್ರಿ_ಪಾಳಿ:
ಇಲ್ಲ ಇಲ್ಲ. ಕುರ್ಚಿ ಮಾರಿದೆ.

ಗುಬ್ಬಿ_ಗೂಡು:
ಆರನೇ ಮಹಡಿ ಅಣ್ಣ ಎಲ್ಲಿ? ಎರಡು ವಾರ ಆಯಿತು ಸುದ್ದಿಯೇ ಇಲ್ಲ.

ಆರನೇ_ಮಹಡಿ:
ಇದ್ದೇನೆ. ನಿನ್ನೆ ಎರಡು ಮಹಡಿ ಹೋದೆ.

ಹೇಳುವುದು ಸುಲಭ. ಬಾಗಿಲು ನೋಡಿಕೊಂಡು ನಿಲ್ಲುವುದಕ್ಕೇ ಐದು ದಿನ ಹಿಡಿಯಿತು. ಸೆಕ್ಯುರಿಟಿಯವರು "ಯಾರನ್ನು ಕಾಯ್ತಿದ್ದೀರಾ ಸರ್" ಅಂತ ಎರಡು ಸಲ ಕೇಳಿದರು. ಆಮೇಲೆ ಬಾಗಿಲು ತೆರೆದಿಟ್ಟು ಒಳಗೆ ನಿಂತೆ. ಏಣಿಯಲ್ಲಿ 70 ಬರೆದಿದ್ದೆ, 85 ಆಯಿತು. ಒಳಗಿನ ಸ್ಟೀಲ್ ಗೋಡೆ ಮೇಲೆ ಯಾರೋ ಕೀಲಿಯಿಂದ ಗೀಚಿದ ಹೃದಯದ ಗುರುತು ಇದೆ. ಮೂರು ವರ್ಷದ ಹಿಂದೆಯೂ ಇತ್ತು. ಅದನ್ನು ನೋಡಿದ ಕೂಡಲೇ ಬೆರಳ ತುದಿ ಜುಮ್ಮೆಂದಿತು. ಓಡಲಿಲ್ಲ. ಬಾಗಿಲು ಹಾಕಿಕೊಳ್ಳಬೇಕು ಅಂತ ಬೀಪ್ ಬೀಪ್ ಅನ್ನುತ್ತಿತ್ತು ಲಿಫ್ಟ್, ನಾನು ಬಟನ್ ಒತ್ತಿ ಹಿಡಿದೇ ನಿಂತೆ. ಹದಿನೆಂಟು ನಿಮಿಷಕ್ಕೆ 40.

ನಿನ್ನೆ ಚೀಟಿ ಬರೆದೆ. "ಬಾಗಿಲು ಮುಚ್ಚಿದರೆ ಗಾಳಿ ಸಾಲದೆ ಬೀಳುತ್ತೇನೆ." ಎರಡನೇ ಮಹಡಿ ಒತ್ತಿದೆ. ಬಾಗಿಲು ತೆರೆಯಿತು. ನಿಂತೇ ಇದ್ದೆ. ಚೀಟಿ ಬೆವರಿಗೆ ಒದ್ದೆಯಾಗಿ ಅಕ್ಷರ ಹರಡಿತ್ತು.

ಬೀಗದ_ಕೈ:
ಶಭಾಷ್! ಮನೆಗೆ ಬಂದು ಕುಣಿದೆ ಕಣ್ರೀ ನಾನು.

ಹಳೇ_ಮೇಷ್ಟ್ರು:
ಬೆಕ್ಕು ಹಾಲಿಗೆ ಮೂತಿ ಇಟ್ಟಿತು!

ಬೇರು_ಹುಡುಕುವವ:
ಖುಷಿಯಾಯಿತು. ಆದರೂ ಬಾಲ್ಯದ ಬಗ್ಗೆ ಒಮ್ಮೆ ಕೂತು ಯೋಚಿಸಿ.

ಸೋಮವಾರದ_ಕ್ಲಿನಿಕ್:
ತುಂಬಾ ಒಳ್ಳೆ ಕೆಲಸ ಸರ್. ಒಂದೇ ಪ್ರಶ್ನೆ. ಫೋನ್ ಎಲ್ಲಿತ್ತು?

ಆರನೇ_ಮಹಡಿ:
ಕೈಯಲ್ಲಿ. ಚಾರ್ಜ್ 97.

ಸೋಮವಾರದ_ಕ್ಲಿನಿಕ್:
ಸರಿ. ನಾಳೆ ಅದನ್ನು ಮೇಜಿನ ಮೇಲೆ ಬಿಟ್ಟು ಹೋಗಿ.

ಆರನೇ_ಮಹಡಿ:
ಓದಿದ ತಕ್ಷಣ ಅಂಗೈ ಬೆವರಿತು. 80 ಬರೆದುಕೊಂಡಿದ್ದೇನೆ.